ಹಾರ್ಡ್ ಡಿಸ್ಕ್ ಬದಲಿಸುವ ಮುಂಚೆ: ಅಪ್ಸರಕೊಂಡದ ಹಳೆ ಕಂಪ್ಯೂಟರಿನಲ್ಲಿದ್ದ ಎಪ್ಪತ್ತೈದು ವರ್ಷ

ಅಪ್ಸರಕೊಂಡಕ್ಕೆ ನೀವು ಬಂದಿದ್ದರೆ ಜಲಪಾತ ನೋಡಿರುತ್ತೀರಿ, ಗುಡ್ಡ ಹತ್ತಿ ಕೆಳಗೆ ಹರಡಿಕೊಂಡ ಕಡಲು ನೋಡಿರುತ್ತೀರಿ, ನಾಲ್ಕು ಫೋಟೋ ತೆಗೆದುಕೊಂಡು ಹೋಗಿರುತ್ತೀರಿ. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ, ಕಾಸರಕೋಡಿನ ಕಡೆಯಿಂದ ಬಂದರೆ ಸಿಗುವ ಊರಿದು. ನನ್ನ ದೊಡ್ಡಪ್ಪನ ಮನೆ ಇರುವುದು ಇಲ್ಲೇ. ಆ ಮನೆಯ ಜಗುಲಿ ಮೂಲೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇತ್ತು. ವಿಂಡೋಸ್ 7, 500 ಜಿಬಿ ಹಾರ್ಡ್ ಡಿಸ್ಕ್, ಮೇಲೊಂದು ಹಳೆ ಪಂಚೆಯ ಹೊದಿಕೆ. ದೊಡ್ಡಪ್ಪ ಅದರಲ್ಲಿ ಹತ್ತು ಹನ್ನೆರಡು ವರ್ಷ ಊರವರ ಅರ್ಜಿ ಟೈಪ್ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಹೆಚ್ಚಿನವು ಅರಣ್ಯ ಹಕ್ಕಿನ ಅರ್ಜಿಗಳು.

ಹೋದ ಮಳೆಗಾಲದಲ್ಲಿ ಆ ಡಿಸ್ಕ್ ಟಿಕ್ ಟಿಕ್ ಅನ್ನಲು ಶುರು ಮಾಡಿತು. ಅಕ್ಕಪಕ್ಕದವರು ದುಡ್ಡು ಹಾಕಿ ಹೊಸ ಕಂಪ್ಯೂಟರ್ ತಂದರು: 1 ಟಿಬಿಯ ಎಸ್‌ಎಸ್‌ಡಿ, ವಿಂಡೋಸ್ 11. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. "ಎಲ್ಲಾ ಒಂದೇ ಸಲ ಕಾಪಿ ಹೊಡದ್ರೆ ಆಗೂದಿಲ್ವನಾ ತಮಾ?" ಅಂದರು ದೊಡ್ಡಪ್ಪ. ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ದಿನ ಹಿಡಿಯಿತು. ಆ ಮೂರು ದಿನದಲ್ಲಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇಂಥ ಕಂಪ್ಯೂಟರ್ ನಿಮ್ಮ ಸಂಘಟನೆಯ ಆಫೀಸಿನಲ್ಲೂ ಇರಬಹುದು, ನಿಮ್ಮ ಅಪ್ಪನ ಟೇಬಲ್ ಮೇಲೂ ಇರಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ, ವಿಂಡೋಸ್ 11 ಒಪ್ಪದ ಹಳೆ ಯಂತ್ರಗಳನ್ನು ಬದಲಿಸುವ ಕೆಲಸ ಎಲ್ಲ ಕಡೆ ನಡೆಯುತ್ತಿದೆ.

ಡಿಸ್ಕಿನಲ್ಲಿ ಇದ್ದದ್ದೇನು?

ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ 'ಇತರ ಪಾರಂಪರಿಕ ಅರಣ್ಯವಾಸಿ'ಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು ಅಲ್ಲಿ ವಾಸವಿದ್ದು, ಬದುಕಿಗೆ ಆ ಕಾಡನ್ನು ನಂಬಿಕೊಂಡಿದ್ದರು ಎಂದು ತೋರಿಸಬೇಕು. ಒಂದು ತಲೆಮಾರು ಎಂದರೆ 25 ವರ್ಷ. ಒಟ್ಟು 75 ವರ್ಷ. ಉತ್ತರ ಕನ್ನಡದ ಕರಾವಳಿಯಲ್ಲಿ, ಘಟ್ಟದ ಮೇಲೆ 'ಅತಿಕ್ರಮಣದಾರ' ಅನ್ನಿಸಿಕೊಂಡು ಬದುಕುತ್ತಿರುವ ಬಹಳಷ್ಟು ಕುಟುಂಬಗಳು ಸಿಕ್ಕಿಹಾಕಿಕೊಂಡಿರುವುದು ಈ ಲೆಕ್ಕದಲ್ಲಿ. ಅಜ್ಜ ಗದ್ದೆ ಮಾಡಿದ್ದಕ್ಕೆ ಕಾಗದ ಎಲ್ಲಿದೆ?

ಕಾಗದ ಇಲ್ಲದವರಿಗೂ ನಿಯಮದಲ್ಲಿ ದಾರಿ ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡು ಸಾಕ್ಷ್ಯವಾಗಿ ಕೊಡಬಹುದು. ಮನೆ, ಕಟ್ಟೆ, ಬಾವಿಯಂಥ ಕುರುಹುಗಳನ್ನೂ ತೋರಿಸಬಹುದು. ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಇದ್ದದ್ದು ಇವೇ. ಟೈಪ್ ಮಾಡಿದ ಹೇಳಿಕೆಗಳು, ಹೆಬ್ಬೆಟ್ಟು ಒತ್ತಿದ ಪ್ರತಿಯ ಸ್ಕ್ಯಾನ್, ಹಳೆ ಬಾವಿಕಟ್ಟೆಯ ಫೋಟೋ, ಕಚೇರಿಗೆ ಕೊಟ್ಟ ಅರ್ಜಿಗಳ ಸ್ವೀಕೃತಿ. ಹೇಳಿಕೆ ಕೊಟ್ಟ ಅಜ್ಜಂದಿರಲ್ಲಿ ಹಲವರು ಈಗ ಇಲ್ಲ. ಕಾಗದದ ಪ್ರತಿಗಳಲ್ಲಿ ಕೆಲವು ಗೆದ್ದಲಿಗೆ ಹೋಗಿವೆ, ಕೆಲವು ಮಳೆಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಕಾಗದ ಉಳಿಸುವುದು ಸುಲಭವಲ್ಲ.

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಿ ಎಂದು ಆದೇಶಿಸಿತ್ತು. ಅದೇ ತಿಂಗಳ 28ಕ್ಕೆ ಆದೇಶವನ್ನು ತಡೆಹಿಡಿಯಿತು. ತಿರಸ್ಕಾರಗಳನ್ನು ಹೇಗೆ ಮಾಡಿದಿರಿ ಎಂಬ ಪ್ರಶ್ನೆ ಆಗ ರಾಜ್ಯಗಳ ಮುಂದೆ ಬಂತು. ಮರುಪರಿಶೀಲನೆ ಅಂದರೆ ಅರ್ಜಿದಾರರ ಪಾಲಿಗೆ ಏನು? ಅದೇ ದಾಖಲೆಯನ್ನು ಮತ್ತೊಮ್ಮೆ, ಮಗದೊಮ್ಮೆ ತಂದು ತೋರಿಸುವುದು. ಹಾಗಾಗಿ ಆ ಟಿಕ್ ಟಿಕ್ ಶಬ್ದಕ್ಕೆ ಊರಲ್ಲಿ ಎಲ್ಲರೂ ಹೆದರಿದ್ದರು.

ಮೊದಲ ಪಾಠ: ಸದ್ದು ಮಾಡುವ ಡಿಸ್ಕನ್ನು ಗೋಳು ಹೊಯ್ಯಬೇಡಿ

ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಸಣ್ಣ ತಲೆ ಇರುತ್ತವೆ. ಟಿಕ್ ಟಿಕ್ ಅಂದರೆ ಆ ತಲೆ ತನ್ನ ಜಾಗ ಹುಡುಕಿ ಸೋಲುತ್ತಿದೆ ಎಂದರ್ಥ. ಆಗ ಮತ್ತೆ ಮತ್ತೆ ಆನ್ ಮಾಡುವುದು, ಆಂಟಿವೈರಸ್ ಓಡಿಸುವುದು, 'ಚೆಕ್ ಡಿಸ್ಕ್' ಹಾಕಿ ರಿಪೇರಿಗೆ ಕೂರುವುದು, ಯಾವುದೂ ಬೇಡ. ಉಳಿದಿರುವ ಉಸಿರನ್ನು ಡೇಟಾ ಓದಲು ಮಾತ್ರ ಬಳಸಬೇಕು.

ಡಿಸ್ಕ್ ಸ್ಥಿತಿ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ನೀಲಿ ಬಣ್ಣ ತೋರಿಸಿದರೆ ಪರವಾಗಿಲ್ಲ, ಹಳದಿ ಬಂದರೆ ಎಚ್ಚರ. ನಮ್ಮದು ಹಳದಿ. ಮೊದಲು ಅರಣ್ಯ ಹಕ್ಕಿನ ಫೋಲ್ಡರ್, ಆಮೇಲೆ ಫೋಟೋ, ಕೊನೆಗೆ ಉಳಿದದ್ದು ಎಂದು ಸಾಲು ಮಾಡಿಕೊಂಡೆವು. ಹಾಡು, ಸಿನಿಮಾ ಕಾಪಿ ಮಾಡುತ್ತಾ ಕೂತಾಗ ಡಿಸ್ಕ್ ಸತ್ತರೆ ಯಾರನ್ನು ಕೇಳುವುದು?

ಒಂದು ಫೋಲ್ಡರಿಗೆ ಬಂದಾಗ ಕಾಪಿ ನಿಂತೇಹೋಯಿತು. ಅಲ್ಲಿಗೆ ವಿಂಡೋಸ್ ಬಿಟ್ಟು, ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ, 'ಡಿಡಿರೆಸ್ಕ್ಯೂ' ಎಂಬ ಉಚಿತ ಸಲಕರಣೆ ಬಳಸಿದೆವು. ಅದರ ಉಪಾಯ ಸರಳ. ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿ ಇನ್ನೊಂದು ಡಿಸ್ಕಿಗೆ ಬರೆಯುತ್ತದೆ, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ರಾತ್ರಿಯಿಡೀ ಓಡಿತು. ಮಧ್ಯದಲ್ಲಿ ಎರಡು ಸಲ ಕರೆಂಟು ಹೋದದ್ದಕ್ಕೆ ಯುಪಿಎಸ್ ಕೈಹಿಡಿಯಿತು. ಬೆಳಿಗ್ಗೆ ನೋಡಿದರೆ ಕೆಲವು ಫೋಟೋ ಬಿಟ್ಟು ಮಿಕ್ಕಿದ್ದೆಲ್ಲ ಬಂದಿತ್ತು.

ತಂತ್ರಾಂಶ ಬೇರೆ, ಡೇಟಾ ಬೇರೆ

ಬಹಳ ಜನ ಎಡವುವುದು ಇಲ್ಲಿ. ಹಳೆ ಡಿಸ್ಕಿನ 'ಪ್ರೋಗ್ರಾಂ ಫೈಲ್ಸ್' ಫೋಲ್ಡರನ್ನು ಹಾಗೇ ಹೊಸದಕ್ಕೆ ಕಾಪಿ ಮಾಡಿದರೆ ತಂತ್ರಾಂಶಗಳು ಓಡುವುದಿಲ್ಲ. ಒಂದು ತಂತ್ರಾಂಶ ಹಾಕುವಾಗ ಅದರ ಬೇರುಗಳು ಬೇರೆ ಬೇರೆ ಕಡೆ ಇಳಿಯುತ್ತವೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದಷ್ಟು ನಮೂದು, ಸಿಸ್ಟಂ ಫೋಲ್ಡರಿನಲ್ಲಿ ಒಂದಷ್ಟು ಫೈಲು, ಫಾಂಟ್ ಫೋಲ್ಡರಿನಲ್ಲಿ ಫಾಂಟು, ಇನ್ನೆಲ್ಲೋ ಲೈಸೆನ್ಸು. ತೆಂಗಿನ ಮರವನ್ನು ಬುಡದಲ್ಲಿ ಕಡಿದು ತಂದು ಇನ್ನೊಂದು ಹಿತ್ತಲಲ್ಲಿ ನಿಲ್ಲಿಸಿದರೆ ಕಾಯಿ ಬಿಡುತ್ತದೆಯೇ?

ದಾರಿ ಎರಡು. ಕಂಪ್ಯೂಟರ್ ಅದೇ, ಡಿಸ್ಕ್ ಮಾತ್ರ ಹೊಸದು, ಹಳೆ ಡಿಸ್ಕ್ ಆರೋಗ್ಯವಾಗಿದೆ ಎಂದಾದರೆ ಇಡೀ ಡಿಸ್ಕನ್ನೇ 'ಕ್ಲೋನ್' ಮಾಡಬಹುದು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ವಿಂಡೋಸ್, ತಂತ್ರಾಂಶ, ಫೈಲು ಎಲ್ಲವೂ ಇದ್ದ ಹಾಗೇ ಬರುತ್ತವೆ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು, ಅಷ್ಟೆ. ಕಂಪ್ಯೂಟರೇ ಹೊಸದಾದರೆ ಎರಡನೇ ದಾರಿ: ತಂತ್ರಾಂಶಗಳನ್ನು ಹೊಸದಾಗಿ ಹಾಕಿಕೊಂಡು, ಡೇಟಾ ಮಾತ್ರ ಸಾಗಿಸುವುದು. ನಾವು ಮಾಡಿದ್ದು ಇದನ್ನೇ.

ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಳ್ಳಿ. ಯಾವ ಯಾವ ತಂತ್ರಾಂಶ ಇದೆ, ಪ್ರಿಂಟರ್ ಯಾವುದು, ಲೈಸೆನ್ಸ್ ಕೀ ಎಲ್ಲಿದೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಯಾವುದಕ್ಕೆ. ಡೇಟಾ 'ಡಾಕ್ಯುಮೆಂಟ್ಸ್' ಫೋಲ್ಡರಿನಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, 'ಡಿ' ಡ್ರೈವ್, ಅಡಗಿರುವ 'ಆ್ಯಪ್‌ಡೇಟಾ' ಎಲ್ಲ ತಡಕಬೇಕು. ದೊಡ್ಡಪ್ಪನ ಅರ್ಧ ಅರ್ಜಿಗಳು ಸಿಕ್ಕಿದ್ದು 'ನ್ಯೂ ಫೋಲ್ಡರ್ (4)' ಎಂಬುದರ ಒಳಗೆ.

ಇನ್ನೊಂದು ಮಾತು. ಕಟ್ ಮಾಡಬೇಡಿ, ಕಾಪಿ ಮಾಡಿ. ಹಳೆಯದರಲ್ಲಿ ಇರುವುದು ಹಾಗೇ ಇರಲಿ.

ಕನ್ನಡಕ್ಕೆ ಮಾತ್ರ ಬರುವ ಕಷ್ಟ

ಎಲ್ಲ ಬಂತು ಅಂತ ನಿಟ್ಟುಸಿರು ಬಿಟ್ಟು ಮೊದಲ ಹೇಳಿಕೆ ತೆರೆದೆ. ಪರದೆ ತುಂಬ ಟೋಪಿ ಹಾಕಿದ, ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳು. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. "ಹೋಯ್ತನಾ?" ಅಂದರು.

ಹೋಗಿರಲಿಲ್ಲ. ಇದು ನಮ್ಮ ಭಾಷೆ ಕಂಪ್ಯೂಟರಿಗೆ ಬಂದ ದಾರಿಯ ಕತೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸಿನಲ್ಲಿ ಅದು ಬಳಕೆಗೆ ಬಂದದ್ದು 2001ರ ಎಕ್ಸ್‌ಪಿ ಕಾಲಕ್ಕೆ, ಜನರ ಕೈಗೆ ಬಂದದ್ದು ಇನ್ನೂ ತಡವಾಗಿ. ಅಲ್ಲಿಯವರೆಗೆ ಸುಮ್ಮನೆ ಕೂರಲು ಆಗುತ್ತಿತ್ತೇ? ಶ್ರೀಲಿಪಿ ಬಂತು, 1998ರಲ್ಲಿ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಸರ್ಕಾರಿ ಕಚೇರಿಗಳಲ್ಲಿ ನುಡಿಯೇ ರೂಢಿಯಾಯಿತು. ಅರ್ಜಿ ಬರೆಯುವವರೂ ಅದನ್ನೇ ಹಿಡಿದರು.

ಆ ಕಾಲದ ಫೈಲುಗಳ ಒಳಗುಟ್ಟು ಏನೆಂದರೆ, ಅವುಗಳಲ್ಲಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ವೇಷ ಹಾಕುವುದು ಫಾಂಟ್. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ, ಬಣ್ಣ ತೊಳೆದ ಯಕ್ಷಗಾನದ ವೇಷಧಾರಿಯ ಹಾಗೆ. ಆದ್ದರಿಂದ ಮೊದಲ ಕೆಲಸ, ಹಳೆ ಡಿಸ್ಕಿನ ಫಾಂಟ್ ಫೋಲ್ಡರಿನಿಂದ ನುಡಿ, ಬರಹ, ಶ್ರೀ ಫಾಂಟುಗಳನ್ನು ಎತ್ತಿಟ್ಟುಕೊಳ್ಳುವುದು. ಅವನ್ನು ಹಾಕಿದ ಕೂಡಲೇ ಅಜ್ಜನ ಹೇಳಿಕೆ ಮತ್ತೆ ಕನ್ನಡವಾಯಿತು. ತಕ್ಷಣ ಪ್ರತಿಯೊಂದನ್ನೂ ಪಿಡಿಎಫ್ ಮಾಡಿಟ್ಟೆವು. ಪಿಡಿಎಫಿನೊಳಗೆ ಫಾಂಟ್ ಸೇರಿಕೊಳ್ಳುವುದರಿಂದ ಬೇರೆ ಯಾವ ಯಂತ್ರದಲ್ಲಿ ತೆರೆದರೂ ಕಣ್ಣಿಗೆ ಕನ್ನಡವೇ ಕಾಣುತ್ತದೆ.

ಆದರೆ ಕಂಡರೆ ಸಾಲದು, ಹುಡುಕಲು ಸಿಗಬೇಕು. ನುಡಿ ಫೈಲಿನಲ್ಲಿ ಅಪ್ಸರಕೊಂಡ ಎಂದು ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಯಂತ್ರದ ಪಾಲಿಗೆ ಅಲ್ಲಿ ಆ ಪದವೇ ಇಲ್ಲ. ಹಾಗಾಗಿ ಯೂನಿಕೋಡಿಗೆ ಬದಲಿಸಿದ ಇನ್ನೊಂದು ಪ್ರತಿ ಬೇಕು. ಇದಕ್ಕೆ ನುಡಿಯ ಜೊತೆಗೇ ಬರುವ ಪರಿವರ್ತಕ ಇದೆ, ಕನ್ನಡದ ತಂತ್ರಜ್ಞರು ಮಾಡಿ ಉಚಿತವಾಗಿ ಕೊಟ್ಟಿರುವವೂ ಇವೆ.

ಇಲ್ಲೊಂದು ಅಪಾಯ ಇದೆ, ಬಾಲ್ಯದ ಕಾಗುಣಿತದಷ್ಟು ಸಣ್ಣದು. ನುಡಿಯ ಹಳೆ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಜಾಗದಲ್ಲಿ ಕೂತಿರುವುದು ಅನುಸ್ವಾರ, ಅಂದರೆ ನಮ್ಮ ಸೊನ್ನೆ. ಒಂದು ಹೇಳಿಕೆಯಲ್ಲಿ ಸರ್ವೆ ನಂಬರಿನ ಪಕ್ಕದ ಹಿಸ್ಸೆ ಗುರುತು ಇಂಗ್ಲಿಷಿನಲ್ಲಿತ್ತು. ಮೂಲದಲ್ಲಿ ಅದು ಇಂಗ್ಲಿಷ್ ಫಾಂಟಿನಲ್ಲಿ ಸರಿಯಾಗೇ ಇದೆ. ಪರಿವರ್ತಕಕ್ಕೆ ಪಠ್ಯ ಮಾತ್ರ ಅಂಟಿಸಿದಾಗ ಫಾಂಟಿನ ಗುರುತು ಕಳೆದುಹೋಗಿ, '45ಎ' ಎಂದಿದ್ದದ್ದು '45ಂ' ಎಂದಾಯಿತು. ಅವಸರದಲ್ಲಿ ಓದಿದರೆ 450! ಒಬ್ಬರ ತುಂಡು ಭೂಮಿ ಇನ್ನೆಲ್ಲೋ ಹೋಗಿ ಕೂರಲು ಇಷ್ಟು ಸಾಕು. ಆಮೇಲೆ ಪ್ರತಿ ಹೇಳಿಕೆಯನ್ನೂ ಇಬ್ಬರು ಕೂತು, ಒಬ್ಬರು ಹಳೆಯದನ್ನು ಓದಿ ಇನ್ನೊಬ್ಬರು ಹೊಸದನ್ನು ನೋಡಿ, ಹೆಸರು, ಅಂಕಿ, ದಿನಾಂಕ, ಒತ್ತಕ್ಷರ ತಾಳೆ ಮಾಡಿದೆವು. ಯೂನಿಕೋಡ್ ಪ್ರತಿ ಹುಡುಕುವುದಕ್ಕೆ, ಮೂಲ ಪ್ರತಿ ಸಾಕ್ಷ್ಯಕ್ಕೆ. ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಡಿ, ಮೂಲದ ಮೇಲೆ ಎಂದೂ 'ಸೇವ್' ಒತ್ತಬೇಡಿ.

ಸರ್ಕಾರ ಡೇಟಾ ಸಾಗಿಸಿದಾಗ ಏನಾಯಿತು?

ಇದೇ ತಪ್ಪನ್ನು ದೊಡ್ಡ ಪ್ರಮಾಣದಲ್ಲಿ ನೆನೆಸಿಕೊಳ್ಳಿ. ಕರ್ನಾಟಕದ 'ಭೂಮಿ' ಯೋಜನೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದೇಶಕ್ಕೇ ಮಾದರಿ ಅನ್ನಿಸಿಕೊಂಡಿತು. ಲಂಚ, ವಿಳಂಬ ಕಡಿಮೆಯಾಗಲಿ ಎಂಬ ಉದ್ದೇಶವೂ ಸರಿಯಾದದ್ದೇ. ಆದರೆ ಕಂಪ್ಯೂಟರ್ ಪಹಣಿ ಬಂದ ಮೇಲೆ ಕೈಬರಹದ್ದು ನಡೆಯಲಿಲ್ಲ. ಏರಿಸುವಾಗ ಹೆಸರಿನ ಒಂದಕ್ಷರ, ಗುಂಟೆಯ ಒಂದಂಕಿ ತಪ್ಪಿದ್ದರೆ? ತಿದ್ದಿಸಲು ಓಡಾಡಬೇಕಾದವರು ಟೈಪ್ ಮಾಡಿದವರಲ್ಲ, ರೈತರು. ತಮ್ಮ ಬಳಿ ಹಳೆ ಪ್ರತಿ ಇಟ್ಟುಕೊಂಡಿದ್ದವರು ತೋರಿಸಿ ವಾದ ಮಾಡಿದರು. ಇಲ್ಲದವರು?

ಡೇಟಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಆಗುವ ತಪ್ಪಿನ ಭಾರ ಯಾವಾಗಲೂ ಕೆಳಗಿರುವವರ ಹೆಗಲಿಗೇ ಬೀಳುತ್ತದೆ. ಹಾಗಾಗಿ ಜನರ ಕೈಯಲ್ಲೂ ಒಂದು ದಾಖಲೆ ಇರಬೇಕು. ಅದು ಕಚೇರಿಯ ದಾಖಲೆಗಿಂತ ಹೆಚ್ಚು ಗಟ್ಟಿಯಾಗಿರಬೇಕು, ಯಾಕೆಂದರೆ ಅನುಮಾನ ಮೊದಲು ಬರುವುದು ಅದರ ಮೇಲೇ.

ಹೆಬ್ಬೆಟ್ಟು ಒತ್ತಿಸಿ ಇಡಿ

ಫೈಲಿಗೂ ಹೆಬ್ಬೆಟ್ಟು ಇದೆ. ಅದಕ್ಕೆ 'ಹ್ಯಾಷ್' ಅನ್ನುತ್ತಾರೆ. 'ಶಾ-256' ಎಂಬ ಲೆಕ್ಕಾಚಾರ ಎಷ್ಟೇ ದೊಡ್ಡ ಫೈಲನ್ನೂ 64 ಅಕ್ಷರಗಳ ಒಂದು ಸಾಲಿಗೆ ಇಳಿಸುತ್ತದೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ 'ಸರ್ಟ್‌ಯುಟಿಲ್' ಎಂಬ ಸಲಕರಣೆ ಮೊದಲೇ ಇರುತ್ತದೆ, ಅದರಿಂದಲೇ ಇದನ್ನು ತೆಗೆಯಬಹುದು. ಹಳೆ ಡಿಸ್ಕಿನ ಫೈಲಿನದ್ದೂ ಹೊಸದರದ್ದೂ ಒಂದೇ ಬಂದರೆ ಸಾಗಾಟ ಸರಿಯಾಗಿದೆ ಎಂದರ್ಥ. ನಾವು ಮುಖ್ಯ ಫೈಲುಗಳ ಹ್ಯಾಷ್ ಪಟ್ಟಿಯನ್ನು ಮುದ್ರಿಸಿ, ದಿನಾಂಕ ಹಾಕಿ, ಸಹಿ ಮಾಡಿ ಇಟ್ಟೆವು.

ಇದು ಕಾನೂನಿಗೂ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಕಂಪ್ಯೂಟರ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಹ್ಯಾಷ್ ಬರೆಯುವ ಜಾಗವೇ ಇದೆ. ಇದಕ್ಕೂ ಮುಂಚೆ, 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆ ಕಾಯ್ದೆಯ 65ಬಿ ಕಲಮಿನ ಬಗ್ಗೆ ಹೇಳಿದ್ದೂ ಇದನ್ನೇ: ಪ್ರತಿ ಕೊಡುವುದಾದರೆ ಪ್ರಮಾಣಪತ್ರ ಕಡ್ಡಾಯ, ಮೂಲ ಸಾಧನವನ್ನೇ ಅದರ ಒಡೆಯರು ತಂದು ಸಾಕ್ಷಿ ನುಡಿದರೆ ಬೇಕಿಲ್ಲ. ಗ್ರಾಮಸಭೆ, ಉಪವಿಭಾಗ ಮಟ್ಟದ ಸಮಿತಿಗಳು ಕೋರ್ಟ್ ಅಲ್ಲ, ನಿಜ. ಆದರೆ ವ್ಯಾಜ್ಯ ನಾಳೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರಿಗೆ ಗೊತ್ತು? ಆದ್ದರಿಂದ ಹೊಸ ಡಿಸ್ಕ್ ಬಂತು ಅಂತ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ, ಗುಜರಿಗೆ ಹಾಕಬೇಡಿ. ಮೂಲ ಸಾಧನ ಅದೇ.

ಫೋಟೋಗಳಿಗೆ ಇನ್ನೊಂದು ಎಚ್ಚರಿಕೆ. ಮೊಬೈಲ್ ಫೋಟೋದೊಳಗೆ ತೆಗೆದ ದಿನ, ಸಮಯ, ಕೆಲವೊಮ್ಮೆ ಜಾಗದ ಅಕ್ಷಾಂಶ ರೇಖಾಂಶವೂ ಅಡಗಿರುತ್ತವೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅವೆಲ್ಲ ಉದುರಿಹೋಗುತ್ತವೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಉಳಿಯುತ್ತವೆ. ನಮ್ಮ ಪಕ್ಕದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಅಲ್ಲಿನ ಮರಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ ಎಂಬುದು ಆ ವಾದದ ಒಂದು ಮುಖ್ಯ ಎಳೆ. ಆಮೆ ಗೂಡಿನ ಫೋಟೋ ಸಾವಿರ ಜನಕ್ಕೆ ಫಾರ್ವರ್ಡ್ ಆದರೂ, ಯಾವತ್ತು ಎಲ್ಲಿ ತೆಗೆದದ್ದು ಎಂದು ಕೇಳಿದಾಗ ಉತ್ತರ ಇರುವುದು ತೆಗೆದವರ ಫೋನಿನ ಮೂಲ ಫೈಲಿನಲ್ಲಿ ಮಾತ್ರ. ಇನ್ನು ವಿಂಡೋಸಿನಲ್ಲಿ ಕಾಪಿ ಮಾಡಿದಾಗ ಫೈಲಿನ 'ಸೃಷ್ಟಿ ದಿನಾಂಕ' ಕಾಪಿ ಮಾಡಿದ ದಿನಕ್ಕೆ ಬದಲಾಗುತ್ತದೆ, 'ತಿದ್ದಿದ ದಿನಾಂಕ' ಮಾತ್ರ ಹಳೆಯದೇ ಉಳಿಯುತ್ತದೆ. ಇದು ಗೊತ್ತಿಲ್ಲದವರು ಅದನ್ನೇ ಹಿಡಿದು 'ಈಗ ಹುಟ್ಟಿಸಿದ ದಾಖಲೆ' ಅನ್ನಬಹುದು. ಹಳೆ ಡಿಸ್ಕ್ ಇಟ್ಟುಕೊಳ್ಳಲು ಇದೂ ಒಂದು ಕಾರಣ.

ಎಲ್ಲಿ ಇಡುವುದು, ಯಾರ ಕೈಗೆ ಕೊಡುವುದು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಇದು ಜಗತ್ತಿನಾದ್ಯಂತ ಒಪ್ಪಿರುವ ನಿಯಮ. ನಮ್ಮಲ್ಲಿ ಒಂದು ಪ್ರತಿ ಹೊಸ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಘಟ್ಟದ ಮೇಲಿನ ನೆಂಟರ ಮನೆಯಲ್ಲಿ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ. ವಿದ್ಯುತ್ ಕಾಣದೆ ಬಹಳ ಕಾಲ ಬಿದ್ದರೆ ಅದರಲ್ಲಿನ ಡೇಟಾ ನಿಧಾನಕ್ಕೆ ಮಾಸಬಹುದು. ಉಪ್ಪುಗಾಳಿಗೆ ಪಿನ್ನುಗಳು ತುಕ್ಕು ಹಿಡಿಯುವುದರಿಂದ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆರೆದು ನೋಡಿ.

ಆ ಫೈಲುಗಳಲ್ಲಿ ಊರವರ ಆಧಾರ್ ಇದೆ, ಪಡಿತರ ಚೀಟಿ ಇದೆ, ಸಹಿ ಇದೆ. ಆದ್ದರಿಂದ ಪ್ರತಿಗಳಿಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿಯಬೇಕು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗೇ ಬೀಗ ಹಾಕಿಕೊಂಡಿರುವುದುಂಟು. ಅದರ ಮರಳಿ ತೆರೆಯುವ ಕೀಲಿ ಯಾರ ಮೈಕ್ರೋಸಾಫ್ಟ್ ಖಾತೆಯಲ್ಲಿದೆ ಎಂದು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಡಿಸ್ಕ್ ಬಿಚ್ಚಿದಾಗ ಅದು ಕೇಳುವುದು ಅದೇ ಕೀಲಿಯನ್ನು. ಕೀಲಿ ಇಬ್ಬರಿಗೆ ಗೊತ್ತಿರಲಿ. ಒಬ್ಬರಿಗೇ ಗೊತ್ತಿದ್ದು ಅವರೇ ಇಲ್ಲವಾದರೆ ಬೀಗ ಶಾಶ್ವತ.

ಮೂರನೇ ದಿನ ಸಂಜೆ ಹಳೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆವು. ಮೇಲೆ ದೊಡ್ಡಪ್ಪ ಮಾರ್ಕರಿನಲ್ಲಿ ಬರೆದರು: 'ಮೂಲ. ಯಾರೂ ಮುಟ್ಟಬಾರದು.' ಆಮೇಲೆ ಹೊಸ ಕಂಪ್ಯೂಟರಿನಲ್ಲಿ ಯೂನಿಕೋಡ್ ಫೋಲ್ಡರ್ ತೆರೆದು, ತೀರಿಕೊಂಡ ಆ ಅಜ್ಜನ ಹೆಸರು ಟೈಪ್ ಮಾಡಿ ಹುಡುಕಿದರು. ಅಜ್ಜ ಏಳು ಕುಟುಂಬಗಳಿಗೆ ಸಾಕ್ಷಿ ಹೇಳಿದ್ದು ಒಂದೇ ಪರದೆಯಲ್ಲಿ ಬಂತು. ಇಷ್ಟು ವರ್ಷ ಟೈಪ್ ಮಾಡಿದವರಿಗೇ ಆ ಲೆಕ್ಕ ಗೊತ್ತಿರಲಿಲ್ಲ.

ನಿಮ್ಮೂರಲ್ಲೂ ಇಂಥ ಒಂದು ಕಂಪ್ಯೂಟರ್ ಇರುತ್ತದೆ. ಯಾರದೋ ಜಗುಲಿಯಲ್ಲಿ, ಸಂಘದ ಕೋಣೆಯಲ್ಲಿ, ಮುಚ್ಚಿದ ಝೆರಾಕ್ಸ್ ಅಂಗಡಿಯಲ್ಲಿ. ಮುಂದಿನ ಸಲ ರಜೆಗೆ ಹೋದಾಗ ಅದು ಸದ್ದು ಮಾಡುತ್ತಿದೆಯಾ ಅಂತ ಕಿವಿಗೊಟ್ಟು ಕೇಳಿ.